ಒಕೊಂಗಾತೆಯ ಕ್ವೆಚುವಾ ಜನರ ಬಗ್ಗೆ ಮಕ್ಕಳಿಗೆ ಏನು ಹೇಳಬೇಕು?

ಭೂಗೋಳದ ಮೇಷ್ಟರು

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಮಕ್ಕಳ ಪತ್ರಿಕೆಗೆ ‘ಎತ್ತರದ ಊರುಗಳು’ ಎಂಬ ಲೇಖನಮಾಲೆ ಬರೆಯುತ್ತಿದ್ದೇನೆ. ಲಡಾಖ್ ಮುಗಿದಿದೆ, ಮುಂದಿನದು ಆಂಡಿಸ್. ಇಡೀ ಪರ್ವತಶ್ರೇಣಿಯನ್ನು ಎರಡು ಪುಟದಲ್ಲಿ ತುರುಕುವ ಬದಲು ಒಂದೇ ಪ್ರದೇಶವನ್ನು ಹತ್ತಿರದಿಂದ ತೋರಿಸೋಣವೆಂದು ಪೆರು ದೇಶದ ಒಕೊಂಗಾತೆಯನ್ನು ಆರಿಸಿಕೊಂಡಿದ್ದೇನೆ. ಕುಸ್ಕೊ ನಗರದಿಂದ ಆಗ್ನೇಯಕ್ಕೆ ನೂರು ಕಿಲೋಮೀಟರ್ ಆಸುಪಾಸು. ಪೇಟೆ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅದರ ಮೇಲುಗಡೆ 6,384 ಮೀಟರ್ ಎತ್ತರದ ಔಸಂಗಾತೆ ಶಿಖರ. ಜನರ ಮನೆಮಾತು ಕ್ವೆಚುವಾ.

ತೊಡಕು ಬಂದಿರುವುದು ಶೀರ್ಷಿಕೆಯಲ್ಲಿ. ಸಂಪಾದಕ ಮಂಡಳಿಯ ಗೆಳೆಯರೊಬ್ಬರು ‘ಇಂಕಾ ಕಾಲದಲ್ಲೇ ಉಳಿದ ಜನ’ ಎಂದು ಇಡಬೇಕೆನ್ನುತ್ತಾರೆ. ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಬಣ್ಣದ ಉಡುಪು, ಉಣ್ಣೆ ಕೊಡುವ ಅಲ್ಪಾಕಾಗಳ ಮಂದೆ, ಹಿಮದ ಬೆಟ್ಟ ಇಷ್ಟನ್ನೇ ಬರೆದು ಮುಗಿಸುವುದೂ ಬೇಡ. ಅಲ್ಲಿನ ನೆಲ, ದುಡಿಮೆ, ಚರಿತ್ರೆಯನ್ನು ಬಲ್ಲವರು ದಯವಿಟ್ಟು ಹೇಳಿ: ಯಾವುದನ್ನು ಮೊದಲು ಬರೆಯಲಿ?

ತುಂಗಾತೀರ

ಮೊದಲು ಆಡಳಿತದ ಲೆಕ್ಕ ಸರಿಮಾಡಿಕೊಳ್ಳಿ ಸರ್. ಪೆರುವಿನ ‘ಡಿಸ್ಟ್ರಿಕ್ಟ್’ ನಮ್ಮ ಜಿಲ್ಲೆಯಲ್ಲ. ಅಲ್ಲಿ ಪ್ರದೇಶ, ಅದರೊಳಗೆ ಪ್ರಾಂತ, ಪ್ರಾಂತದೊಳಗೆ ಡಿಸ್ಟ್ರಿಕ್ಟ್. ಕುಸ್ಕೊ ಪ್ರದೇಶದ ಕಿಸ್ಪಿಕಾಂಚಿ ಪ್ರಾಂತದಲ್ಲಿ 12 ಡಿಸ್ಟ್ರಿಕ್ಟ್‌ಗಳಿವೆ, ಒಕೊಂಗಾತೆ ಅವುಗಳಲ್ಲಿ ಒಂದು. ಪ್ರಾಂತದ ಕೇಂದ್ರ ಉರ್ಕೊಸ್. ಮಕ್ಕಳಿಗೆ ‘ಜಿಲ್ಲೆ’ ಎಂದು ಹೇಳಿದರೆ ಅವರು ಶಿವಮೊಗ್ಗ, ತುಮಕೂರುಗಳಷ್ಟು ದೊಡ್ಡದನ್ನು ಊಹಿಸಿಕೊಳ್ಳುತ್ತಾರೆ. ತಾಲ್ಲೂಕು ಎಂದರೆ ನಿಜಕ್ಕೆ ಹತ್ತಿರ.

ಓದುಗಿತ್ತಿ

ಆ ಶೀರ್ಷಿಕೆಯನ್ನು ಇವತ್ತೇ ಹೊಡೆದುಹಾಕಿ ಸರ್. ಒಕೊಂಗಾತೆಯ ಇಪ್ಪತ್ತನೆಯ ಶತಮಾನದ ಚರಿತ್ರೆ ಎಂದರೆ ಲೌರಾಮಾರ್ಕಾ ಎಸ್ಟೇಟಿನ ಚರಿತ್ರೆ. ಕುಸ್ಕೊ ಪ್ರದೇಶದ ಅತಿ ದೊಡ್ಡ ಜಮೀನ್ದಾರಿಗಳಲ್ಲಿ ಅದೂ ಒಂದು. ಔಸಂಗಾತೆಯ ಬುಡದ ಹುಲ್ಲುಗಾವಲೆಲ್ಲ ಎಸ್ಟೇಟಿನದು. ಅಲ್ಲಿ ಮನೆ ಕಟ್ಟಿಕೊಂಡು ನಾಲ್ಕು ಅಲ್ಪಾಕಾ ಸಾಕಬೇಕಾದರೆ ದಣಿಗೆ ಬಿಟ್ಟಿ ದುಡಿಯಬೇಕು, ಅವನ ಮಂದೆ ಕಾಯಬೇಕು, ಸತ್ತ ಕುರಿಗೆ ಲೆಕ್ಕ ಕೊಡಬೇಕು. ಉಣ್ಣೆ ಎಸ್ಟೇಟಿಗೆ.

ಇದರ ವಿರುದ್ಧ 1920ರ ದಶಕದಿಂದಲೇ ಹೋರಾಟ ನಡೆದಿದೆ. ಪಕ್‌ಚಾಂತ ಹಳ್ಳಿಯ ಮಾರಿಯಾನೊ ತುರ್ಪೊ ಈ ಹೋರಾಟದ ದೊಡ್ಡ ಮುಂದಾಳು. ಓದುಬರಹ ಕಲಿಯದ, ಕ್ವೆಚುವಾ ಮಾತನಾಡುವ ಈ ಮನುಷ್ಯ ವಕೀಲರನ್ನು ಹಿಡಿದು, ಅರ್ಜಿ ಬರೆಸಿ, ಕುಸ್ಕೊಗೂ ರಾಜಧಾನಿ ಲಿಮಾಗೂ ಅಲೆದು ಎಸ್ಟೇಟಿನ ವಿರುದ್ಧ ದಾವೆ ನಡೆಸಿದ. ಜೈಲು, ಹೊಡೆತ, ತಲೆಮರೆಸಿಕೊಂಡು ಗುಹೆಗಳಲ್ಲಿ ಮಲಗುವುದು ಎಲ್ಲವೂ ಆಯಿತು. ದಶಕಗಳ ಕಾಲದ ಅರ್ಜಿ, ರಸೀದಿ, ನೋಟಿಸು, ಕಾಗದಗಳನ್ನು ಅವನ ಮನೆಯಲ್ಲಿ ಪೆಟ್ಟಿಗೆಯೊಂದರಲ್ಲಿ ಜೋಪಾನ ಮಾಡಿದ್ದರು. ಮಾನವಶಾಸ್ತ್ರಜ್ಞರು ಆ ಮನೆಗೆ ಬರುವ ಹೊತ್ತಿಗೆ ಅದರಲ್ಲಿ ಕೆಲವು ಹಾಳೆಗಳು ಒಲೆ ಹೊತ್ತಿಸಲು ಹೋಗಿದ್ದವು, ಉಳಿದವೇ ದೊಡ್ಡ ದಾಖಲೆ ಸಂಗ್ರಹ. ಇಂಥ ಜನರನ್ನು ಕಾಲದಾಚೆ ನಿಂತವರು ಎನ್ನುವುದು ಅನ್ಯಾಯ.

ಸಂಪಿಗೆ

ಆ ಪೆಟ್ಟಿಗೆಯಿಂದಲೇ ಲೇಖನ ಶುರುಮಾಡಿ ಸರ್. ಮಕ್ಕಳು ಮರೆಯುವುದಿಲ್ಲ.

ಚಾರಣಿಗ

ನಾನು ಔಸಂಗಾತೆಯ ಸುತ್ತಿನ ಚಾರಣ ಮಾಡಿದ್ದೇನೆ, ಹಾಗಾಗಿ ಕಂಡದ್ದನ್ನು ಹೇಳುತ್ತೇನೆ. ಒಕೊಂಗಾತೆ ಪೇಟೆಯಿಂದ ಸ್ವಲ್ಪ ಮೇಲೆ ತಿಂಕಿ ಎಂಬ ಸಂತೆಯ ಊರು, ಸುಮಾರು 3,800 ಮೀಟರ್. ಅಲ್ಲಿಂದ ಪಕ್‌ಚಾಂತ ಅಥವಾ ಉಪಿಸ್ ಕಡೆಗೆ ಹತ್ತಬೇಕು. ಎರಡೂ ಕಡೆ ಬಿಸಿನೀರಿನ ಬುಗ್ಗೆಗಳಿವೆ. ಹಿಮದ ಬೆಟ್ಟ ನೋಡುತ್ತಾ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂರಬಹುದು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆಲೂಗಡ್ಡೆಯ ಕೆಲಸ. ಜೂನ್ ತಿಂಗಳು, ಬೆಳಗಿನ ಹೊತ್ತು. ಹುಲ್ಲಿನ ಬಯಲಿನಲ್ಲಿ ಸಣ್ಣ ಸಣ್ಣ ಆಲೂಗಡ್ಡೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿದ್ದರು. ರಾತ್ರಿಯ ಕೊರೆತಕ್ಕೆ ಅವು ಕಲ್ಲಾಗಿರುತ್ತವೆ, ಬಿಸಿಲೇರಿದಾಗ ಮೆತ್ತಗಾಗುತ್ತವೆ. ಹೀಗೆ ಕೆಲವು ರಾತ್ರಿ ಕಳೆದ ಮೇಲೆ ಸಣ್ಣ ಗುಡ್ಡೆಗಳಾಗಿ ರಾಶಿಮಾಡಿ ಬರಿಗಾಲಿನಲ್ಲಿ ತುಳಿಯುತ್ತಾರೆ. ಇಬ್ಬರು ಹೆಂಗಸರು ಮತ್ತು ಒಬ್ಬ ಮುದುಕ ಸೊಂಟಕ್ಕೆ ಕೈಕೊಟ್ಟು, ಹಿಮ್ಮಡಿ ತಿರುಗಿಸುತ್ತಾ ತುಳಿಯುತ್ತಿದ್ದರು. ಬೆರಳ ಸಂದಿಯಿಂದ ನೀರು ಚಿಮ್ಮುತ್ತಿತ್ತು, ಸಿಪ್ಪೆ ತಾನಾಗಿ ಸುಲಿಯುತ್ತಿತ್ತು. ಆಮೇಲೆ ಒಣಗಿಸಿದರೆ ಅದು ಚುನ್ಯೊ. ಕಪ್ಪಗೆ, ಹಗುರವಾಗಿ, ಕಲ್ಲಿನ ಚೂರುಗಳಾಗಿ ಕಾಣುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ನೆನೆಹಾಕಿ ಸಾರಿಗೆ ಹಾಕುತ್ತಾರೆ. ಹೆಪ್ಪುಗಟ್ಟಿದ ಗಡ್ಡೆಯನ್ನು ಹರಿಯುವ ನೀರಿನಲ್ಲಿ ವಾರಗಟ್ಟಲೆ ಇಟ್ಟು ಒಣಗಿಸಿದರೆ ಬೆಳ್ಳಗಿನ ಮೊರಾಯಾ ಆಗುತ್ತದೆ, ಅದಕ್ಕೆ ಸಂತೆಯಲ್ಲಿ ಬೆಲೆ ಜಾಸ್ತಿ.

ಮಳೆಲೆಕ್ಕ

ಚಾರಣಿಗರು ಹೇಳಿದ ಚುನ್ಯೊದಲ್ಲೇ ಮೇಷ್ಟರಿಗೆ ಬೇಕಾದ ಭೂಗೋಳವೆಲ್ಲ ಇದೆ. ಒಕೊಂಗಾತೆಯ ಅಕ್ಷಾಂಶ ನೋಡಿ: ಸುಮಾರು ಹದಿಮೂರೂವರೆ ಡಿಗ್ರಿ ದಕ್ಷಿಣ. ಬೆಂಗಳೂರು, ಹಾಸನ ಹದಿಮೂರು ಡಿಗ್ರಿ ಉತ್ತರ. ಸಮಭಾಜಕ ವೃತ್ತದಿಂದ ನಾವು ಎಷ್ಟು ದೂರವೋ ಅವರೂ ಹೆಚ್ಚುಕಡಿಮೆ ಅಷ್ಟೇ ದೂರ. ವ್ಯತ್ಯಾಸ ಬಂದಿರುವುದು ಎತ್ತರದಿಂದ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪು. ನಾಲ್ಕು ಸಾವಿರ ಮೀಟರಿಗೆ ಲೆಕ್ಕ ಹಾಕಿಸಿ, ಮಕ್ಕಳೇ ಉತ್ತರ ಹೇಳುತ್ತಾರೆ.

ಇನ್ನೊಂದು ವಿಷಯ. ಉಷ್ಣವಲಯದ ಎತ್ತರದಲ್ಲಿ ಬೇಸಿಗೆ–ಚಳಿಗಾಲದ ಅಂತರಕ್ಕಿಂತ ಹಗಲು–ರಾತ್ರಿಯ ಅಂತರ ದೊಡ್ಡದು. ಮೇಯಿಂದ ಆಗಸ್ಟ್‌ವರೆಗೆ ಒಣ ಹವೆ, ಮೋಡವಿಲ್ಲದ ಆಕಾಶ. ಹಗಲು ಸುಡುವ ಬಿಸಿಲು, ರಾತ್ರಿ ನೆಲದ ಬಿಸಿಯೆಲ್ಲ ಹಾರಿಹೋಗಿ ಹೆಪ್ಪುಗಟ್ಟುವ ಚಳಿ. ಒಂದೇ ದಿನದಲ್ಲಿ ಹೆಪ್ಪುಗಟ್ಟಿಸಲೂ ಒಣಗಿಸಲೂ ಆಗುವುದು ಇದರಿಂದಲೇ. ಉತ್ತರ ಯುರೋಪಿನಲ್ಲಿ ಹಿಮವಿದ್ದರೂ ಅಂಥ ಬಿಸಿಲು ಸಿಗುವುದಿಲ್ಲ.

ಹಳೆಗನ್ನಡ ಪ್ರೇಮಿ

ಕ್ವೆಚುವಾ ಭಾಷೆಗೂ ಕನ್ನಡಕ್ಕೂ ನಂಟಿದೆ ಎಂಬುದನ್ನೂ ಬರೆಯಿರಿ ಮೇಷ್ಟರೇ. ಅದರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುತ್ತಾರೆ. ದ್ರಾವಿಡರು ಸಾಗರ ದಾಟಿ ಹೋಗಿರಲೇಬೇಕು.

ತುಂಗಾತೀರ

ಜಪಾನಿ, ಟರ್ಕಿ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಅವುಗಳೂ ಪ್ರತ್ಯಯಗಳನ್ನು ಪೋಣಿಸುತ್ತವೆ. ರಚನೆ ಒಂದೇ ಬಗೆಯದಾದರೆ ಕುಲ ಒಂದೇ ಆಗಬೇಕಿಲ್ಲ. ಮೂಲ ಪದಗಳು, ಧ್ವನಿ ಬದಲಾವಣೆಯ ನಿಯಮಗಳು ಹೊಂದಬೇಕು. ಕ್ವೆಚುವಾ ಮತ್ತು ಕನ್ನಡದ ನಡುವೆ ಅಂಥದ್ದು ಏನೂ ಇಲ್ಲ. ಮಕ್ಕಳ ಪತ್ರಿಕೆಯಲ್ಲಿ ಇಂಥದನ್ನು ಹಾಕಬೇಡಿ.

ಓದುಗಿತ್ತಿ

ತುಂಗಾತೀರ ಅವರ ಮಾತಿಗೆ ಒಂದು ಸೇರ್ಪಡೆ. ಕ್ವೆಚುವಾ ಹುಟ್ಟಿದ್ದು ಇಂಕಾಗಳ ಕುಸ್ಕೊದಲ್ಲಿ ಎಂದು ಎಲ್ಲ ಕಡೆ ಬರೆಯುತ್ತಾರೆ. ಭಾಷಾವಿಜ್ಞಾನಿಗಳ ಪ್ರಕಾರ ಅದರ ಮೂಲ ಮಧ್ಯ ಪೆರು, ಇಂಕಾ ಸಾಮ್ರಾಜ್ಯಕ್ಕಿಂತ ಬಹಳ ಮುಂಚೆಯೇ ಅದು ಹರಡಿತ್ತು. ಆಮೇಲೆ ಸ್ಪೇನಿನ ಪಾದ್ರಿಗಳೂ ಧರ್ಮಪ್ರಚಾರಕ್ಕಾಗಿ ಅದನ್ನು ಬಳಸಿದರು.

ಭಾಷೆಯ ರಾಜಕೀಯವೇ ಮಕ್ಕಳಿಗೆ ಹೆಚ್ಚು ತಿಳಿಯಬೇಕಾದ್ದು. 1975ರ ಮೇ 27ರಂದು ಪೆರುವನ್ನು ಆಳುತ್ತಿದ್ದ ಸೇನಾಧಿಕಾರಿ ವೆಲಾಸ್ಕೊನ ಸರ್ಕಾರ ಕ್ವೆಚುವಾವನ್ನು ಅಧಿಕೃತ ಭಾಷೆಯೆಂದು ಘೋಷಿಸಿತು. 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಪೆರುವಿಯನ್ನರು ಅದನ್ನು ತಾಯ್ನುಡಿ ಎಂದು ಬರೆಸಿದ್ದಾರೆ. ಹಾಗಿದ್ದೂ ಓದುಬರಹ ಬಾರದವರಿಗೆ ಮತದ ಹಕ್ಕು ಸಿಕ್ಕಿದ್ದು 1979ರ ಸಂವಿಧಾನದಿಂದ, ಅವರು ಅದನ್ನು ರಾಷ್ಟ್ರೀಯ ಚುನಾವಣೆಯಲ್ಲಿ ಬಳಸಿದ್ದು 1980ರಲ್ಲಿ. ಓದು ಎಂದರೆ ಸ್ಪ್ಯಾನಿಷ್ ಓದು. ಮಾರಿಯಾನೊ ತುರ್ಪೊನ ಪೀಳಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದದ್ದು ಮತವೇ ಇಲ್ಲದ ಕಾಲದಲ್ಲಿ. 2006ರಲ್ಲಿ ಕುಸ್ಕೊ ಪ್ರದೇಶದಿಂದ ಗೆದ್ದ ಇಲಾರಿಯಾ ಸುಪಾ, ಮಾರಿಯಾ ಸುಮಿರೆ ಸಂಸತ್ತಿನಲ್ಲಿ ಕ್ವೆಚುವಾದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಅದಕ್ಕೂ ತಕರಾರು ಎದ್ದಿತ್ತು. ಮೂವತ್ತು ವರ್ಷ ಹಿಂದೆಯೇ ಅಧಿಕೃತವಾಗಿದ್ದ ಭಾಷೆ ಅದು!

ನಿರ್ವಾಹಕ

ಭಾಷಾ ಕುಲದ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಒಕೊಂಗಾತೆಯನ್ನು ಬಿಡಬೇಡಿ.

ನೂಲುಗಾರ್ತಿ

ಮೇಷ್ಟರು ಬಣ್ಣದ ಉಡುಪಿನ ಮಾತೆತ್ತಿದ್ದಾರೆ. ಅದನ್ನು ಬಿಡಬೇಡಿ, ಆದರೆ ಸರಿಯಾಗಿ ಬರೆಯಿರಿ. ಆ ಭಾಗದ ಹೆಂಗಸರು ತೊಡುವ ಅಗಲವಾದ ಚಪ್ಪಟೆ ಟೋಪಿ, ನೆರಿಗೆಯ ಲಂಗ, ಗಂಡಸರ ಜಾಕೆಟ್ಟು ಇವುಗಳ ಕಟ್ಟು ಸ್ಪೇನಿನ ಕಾಲದ್ದು. 1780ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ತುಪಾಕ್ ಅಮಾರು ದಂಗೆ ಎದ್ದ ಮೇಲೆ, 1781ರ ತೀರ್ಪಿನಲ್ಲಿ ಸ್ಪೇನಿನ ಅಧಿಕಾರಿ ಅರೆಚೆ ಇಂಕಾ ಉಡುಪನ್ನೇ ನಿಷೇಧಿಸಿದ. ಹೆಗಲ ಮೇಲಿನ ಹೊದಿಕೆ ಮತ್ತು ಅದರ ನೇಯ್ಗೆ ಮಾತ್ರ ಬಹಳ ಹಳೆಯದು. ಹಾಗಾಗಿ ಒಬ್ಬಳೇ ಹೆಂಗಸಿನ ಮೈಮೇಲೆ ಬೇರೆ ಬೇರೆ ಕಾಲದ ಬಟ್ಟೆಗಳಿವೆ.

ಉಣ್ಣೆಯ ವ್ಯಾಪಾರವನ್ನೂ ಸೇರಿಸಿ. ಅಲ್ಪಾಕಾ ಉಣ್ಣೆ ಇಲ್ಲಿಂದ ದಲ್ಲಾಳಿಗಳ ಕೈದಾಟಿ ಅರೆಕಿಪಾ ನಗರದ ಗಿರಣಿಗಳಿಗೆ ಹೋಗುತ್ತದೆ. ಬಿಳಿ ಉಣ್ಣೆಗೆ ಯಾವ ಬಣ್ಣವನ್ನಾದರೂ ಹಾಕಬಹುದು, ಹಾಗಾಗಿ ಗಿರಣಿಗಳು ಬಿಳಿಯನ್ನೇ ಕೇಳುತ್ತವೆ. ಅದಕ್ಕೇ ಕಂದು, ಬೂದು, ಕಪ್ಪು ಅಲ್ಪಾಕಾಗಳು ಮಂದೆಯಲ್ಲಿ ಕಡಿಮೆಯಾಗುತ್ತಾ ಬಂದಿವೆ. ಬೆಟ್ಟದ ಮೇಲಿನ ಮಂದೆಯ ಬಣ್ಣವನ್ನು ಪೇಟೆ ಬದಲಾಯಿಸಿದೆ ಎಂದಾಯಿತು. ನಾನು ಕೈಮಗ್ಗದವಳು, ಇದು ನನಗೆ ನೋವಿನ ವಿಷಯ.

ಶಿರಸಿಯವನು

ನೀವೆಲ್ಲ ಏನೇ ಹೇಳಿ, ಆ ಅಂತರಸಾಗರ ಹೆದ್ದಾರಿ ಬಂದಮೇಲೆ ಅಲ್ಲಿನ ಬದುಕು ಕೆಟ್ಟಿತು. ಬ್ರೆಜಿಲ್‌ಗೆ ಹೋಗುವ ಲಾರಿಗಳು ಊರ ನಡುವೆ ಓಡುತ್ತವೆ. ಹುಲ್ಲಿನ ಚಾವಣಿ ಹೋಗಿ ತಗಡು ಬಂತು. ಅವರನ್ನು ಅವರ ಪಾಡಿಗೆ ಬಿಡಬೇಕಿತ್ತು.

ಓದುಗಿತ್ತಿ

ಶಿರಸಿಯವರೇ, ‘ಅವರ ಪಾಡು’ ಎಂದರೆ ಯಾವುದು? ಎಸ್ಟೇಟಿನ ಬಿಟ್ಟಿ ದುಡಿಮೆಯೇ? ಆ ರಸ್ತೆ ಮೊದಲೂ ಇತ್ತು, ಮಣ್ಣಿನದು. ಉರ್ಕೊಸ್‌ನಿಂದ ಕಾಟ್ಕಾ, ಒಕೊಂಗಾತೆ, ತಿಂಕಿ, ಮಾವಾಯಾನಿ ಹಾದು 4,700 ಮೀಟರಿಗೂ ಎತ್ತರದ ಕಣಿವೆಬಾಗಿಲು ದಾಟಿ ಮಾರ್ಕಾಪಾತಾ ಕಡೆಯಿಂದ ಅಮೆಜಾನ್ ಕಾಡಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಲಾರಿಗಳು ಕೆಸರಿನಲ್ಲಿ ದಿನಗಟ್ಟಲೆ ಸಿಕ್ಕಿಬೀಳುತ್ತಿದ್ದವು, ಜನ ಆ ಲಾರಿಗಳ ಸರಕಿನ ಮೇಲೆಯೇ ಕುಳಿತು ಹೋಗುತ್ತಿದ್ದರು. ಡಾಂಬರಾದ ಮೇಲೆ ಕುಸ್ಕೊದ ಆಸ್ಪತ್ರೆ ಮೂರು ಗಂಟೆಯ ದಾರಿಯಾಗಿದೆ. ಹೆರಿಗೆ ನೋವಿನಲ್ಲಿರುವ ಹೆಂಗಸಿಗೆ ತಗಡಿನ ಚಾವಣಿಯ ಅಂದಚೆಂದಕ್ಕಿಂತ ಇದು ಮುಖ್ಯ.

ಶಿರಸಿಯವನು

ಅದೇ ರಸ್ತೆಯಲ್ಲಿ ಗಂಡಸರು ಅಮೆಜಾನ್ ಕಾಡಿನ ಮಾದ್ರೆ ದೆ ದಿಯೋಸ್‌ ಪ್ರದೇಶದ ಚಿನ್ನದ ಹೊಂಡಗಳಿಗೆ ಇಳಿದುಹೋಗುತ್ತಾರಲ್ಲ, ಅದನ್ನೂ ಹೇಳಿ. ಪಾದರಸದಲ್ಲಿ ಕೈಯಾಡಿಸಿ ಕಾಯಿಲೆ ಹೊತ್ತು ಬರುತ್ತಾರೆ. ಮನೆಯಲ್ಲಿ ಹೆಂಗಸರೂ ಮುದುಕರೂ ಮಂದೆ ಕಾಯುತ್ತಾರೆ. ರಸ್ತೆ ಆಸ್ಪತ್ರೆಯನ್ನು ಹತ್ತಿರ ತಂದಿತು ಎಂದಿರಿ, ಚಿನ್ನದ ಹೊಂಡವನ್ನೂ ಅಷ್ಟೇ ಹತ್ತಿರ ತಂದಿದೆ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಓದುಗಿತ್ತಿ

ಎರಡನ್ನೂ ಹೇಳಬೇಕು, ನಿಜ. ನನ್ನ ತಕರಾರು ‘ಬಿಡಬೇಕಿತ್ತು’ ಎಂಬ ಮಾತಿಗೆ. ಬಿಡಲು ನಾವು ಯಾರು?

ಸಂಪಿಗೆ

ಎಸ್ಟೇಟ್ ಕೊನೆಗೆ ಏನಾಯಿತು ಅಕ್ಕ? ಕಥೆ ಅರ್ಧಕ್ಕೆ ನಿಂತಿದೆ.

ಓದುಗಿತ್ತಿ

1969ರ ಜೂನ್ 24ರಂದು ಸೇನಾಧಿಕಾರಿ ವೆಲಾಸ್ಕೊ ಭೂಸುಧಾರಣೆಯ ಕಾನೂನು ತಂದ. ಅದರಡಿ ಲೌರಾಮಾರ್ಕಾವನ್ನು ದಣಿಗಳಿಂದ ಕಿತ್ತುಕೊಂಡರು. ಆದರೆ ಭೂಮಿಯನ್ನು ನೇರವಾಗಿ ಹಳ್ಳಿಗಳಿಗೆ ಕೊಡದೆ ಸರ್ಕಾರದ ಮೇಲ್ವಿಚಾರಣೆಯ ಸಹಕಾರಿ ಸಂಘ ಮಾಡಿದರು. ದಣಿಯ ಜಾಗದಲ್ಲಿ ಅಧಿಕಾರಿ ಬಂದು ಕುಳಿತ. ಜನರಿಗೆ ಬೇಕಿದ್ದದ್ದು ಅದಲ್ಲ. 1980ರ ದಶಕದಲ್ಲಿ ಸಂಘವನ್ನೂ ಒಡೆದು ಹುಲ್ಲುಗಾವಲನ್ನು ತಮ್ಮ ತಮ್ಮ ಸಮುದಾಯಗಳಿಗೆ ಹಂಚಿಕೊಂಡರು. ಈಗ ಅಲ್ಲಿ ಕಾಣುವ ‘ಸಾಂಪ್ರದಾಯಿಕ ಹಳ್ಳಿ ಸಮುದಾಯ’ಗಳು ಕಾನೂನಿನ ರೂಪ ಪಡೆದದ್ದು ಹೀಗೆ, ಬಹುಮಟ್ಟಿಗೆ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ.

ಚಾರಣಿಗ

ಹಳ್ಳಿಯೊಳಗಿನ ದುಡಿಮೆಯ ಬಗ್ಗೆ ಒಂದು ಮಾತು. ಬಿತ್ತನೆಗೆ, ಕಳೆಗೆ, ಮನೆ ಕಟ್ಟುವುದಕ್ಕೆ ಒಬ್ಬರಿಗೊಬ್ಬರು ಆಳು ಕೊಟ್ಟುಕೊಳ್ಳುವುದನ್ನು ಅವರು ಐನಿ ಎನ್ನುತ್ತಾರೆ. ಮಲೆನಾಡಿನ ನಮ್ಮ ಮುಯ್ಯಾಳು ಪದ್ಧತಿಯೇ. ಇವತ್ತು ನೀನು ಬಂದೆ, ನಾಳೆ ನಾನು ಬರಬೇಕು. ಲೆಕ್ಕ ಬಹಳ ಬಿಗಿ. ಪಕ್‌ಚಾಂತದಲ್ಲಿ ನಮ್ಮ ಕುದುರೆಯವರು ಚಾರಣದ ನಡುವೆ ಹೊರಟುಹೋಗಿ ತಮ್ಮನನ್ನು ಕಳಿಸಿದರು. ಬೇರೆಯವರ ಗೋಡೆಗೆ ಮಣ್ಣಿಟ್ಟಿಗೆ ಹೊರುವ ಬಾಕಿ ಇತ್ತಂತೆ. ಚಾರಣದ ಕೂಲಿ ನಗದು, ಆ ಬಾಕಿ ತೀರಿಸಲು ನಗದು ಸಾಲದು.

ಭೂಗೋಳದ ಮೇಷ್ಟರು

ನಿರೀಕ್ಷೆಗಿಂತ ಹೆಚ್ಚು ಸಿಕ್ಕಿತು, ಎಲ್ಲರಿಗೂ ವಂದನೆಗಳು. ಅಕ್ಷಾಂಶದ ಲೆಕ್ಕವನ್ನು ಚಟುವಟಿಕೆಯಾಗಿ ಕೊಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಒಂದು, ಕೆರೊ ಎಂಬ ಕ್ವೆಚುವಾ ಸಮುದಾಯದವರು ಒಕೊಂಗಾತೆಯವರೇ? ಇನ್ನೊಂದು, ಅಲ್ಲಿನ ದೊಡ್ಡ ಜಾತ್ರೆಯ ಬಗ್ಗೆ ಬಲ್ಲವರು ಬರೆಯಿರಿ.

ತುಂಗಾತೀರ

ಕೆರೊ ಹಳ್ಳಿಗಳು ಪಕ್ಕದ ಪೌಕಾರ್ತಾಂಬೊ ಪ್ರಾಂತಕ್ಕೆ ಸೇರಿವೆ. ಅವರು ಸಂತೆಗೆ, ಸಾಮಾನಿಗೆ ಒಕೊಂಗಾತೆಗೆ ಬರುವುದರಿಂದ ಬಹಳ ಜನ ಒಟ್ಟಿಗೆ ಸೇರಿಸಿಬಿಡುತ್ತಾರೆ. ಹಾಗೆಯೇ ಪ್ರವಾಸದ ಜಾಹೀರಾತುಗಳಲ್ಲಿ ಕಾಣುವ ಬಣ್ಣದ ಪಟ್ಟೆಗಳ ಬೆಟ್ಟ ವಿನಿಕುಂಕಾ ಕೂಡ ಒಕೊಂಗಾತೆಯದಲ್ಲ, ಅದು ಔಸಂಗಾತೆಯ ಆಚೆ, ಪಿತುಮಾರ್ಕಾ–ಕುಸಿಪಾತಾ ಕಡೆಯದು. ನಕ್ಷೆ ಬಿಡಿಸುವಾಗ ನೋಡಿಕೊಳ್ಳಿ.

ದಾರಿದೀಪ

ಜಾತ್ರೆಯ ಬಗ್ಗೆ ನಾನು ಹೇಳುತ್ತೇನೆ. ಹೆಸರು ಕೊಯ್ಯುರ್ ರಿತಿ. ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ, ಅಂದರೆ ಮೇ ಕೊನೆಗೆ ಅಥವಾ ಜೂನ್‌ನಲ್ಲಿ ನಡೆಯುತ್ತದೆ. ಮಾವಾಯಾನಿಯಲ್ಲಿ ಬಸ್ ಇಳಿದು ಸುಮಾರು ಎಂಟು ಕಿಲೋಮೀಟರ್ ಹತ್ತಿದರೆ ಸಿನಾಕಾರಾ ಕಣಿವೆ. ಗುಡಿ ಇರುವುದು 4,700 ಮೀಟರಿಗೂ ಮೇಲೆ, ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಅಲ್ಲಿ ರಾತ್ರಿಯಿಡೀ ಕುಣಿಯುತ್ತಾರೆ. 1780ರಲ್ಲಿ ಮಾರಿಯಾನೊ ಮಾಯ್ತಾ ಎಂಬ ಕುರಿಗಾಹಿ ಹುಡುಗನ ಎದುರಿಗೆ ಬಾಲಯೇಸು ಕಾಣಿಸಿಕೊಂಡ ಎಂಬುದು ಐತಿಹ್ಯ. ಬಂಡೆಯ ಮೇಲೆ ಮೂಡಿದ ಕ್ರಿಸ್ತನ ಚಿತ್ರಕ್ಕೆ ಪೂಜೆ. ಬೆಟ್ಟಗಳಿಗೂ ಪೂಜೆ. ಯಾತ್ರಿಕರು ‘ರಾಷ್ಟ್ರ’ಗಳೆಂಬ ಎಂಟು ಗುಂಪುಗಳಾಗಿ ಬರುತ್ತಾರೆ, ಪೌಕಾರ್ತಾಂಬೊ, ಕಿಸ್ಪಿಕಾಂಚಿ, ಕಾಂಚಿಸ್ ಮುಂತಾಗಿ. ಯುನೆಸ್ಕೊ 2011ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗುಡಿಯ ಹತ್ತಿರದ ಒಂದು ಬಯಲಿನಲ್ಲಿ ಜನ ಸಣ್ಣ ಕಲ್ಲುಗಳಿಂದ ಮನೆ, ಕೊಟ್ಟಿಗೆ, ಅಂಗಡಿಗಳನ್ನು ಕಟ್ಟುತ್ತಾರೆ. ಗಂಡಹೆಂಡತಿ ಸೇರಿ ಅಂಗೈಯಷ್ಟು ಜಾಗಕ್ಕೆ ಕಲ್ಲಿನ ಬೇಲಿ ಹಾಕಿದರೆ ಇನ್ನೊಬ್ಬ ‘ಅಧಿಕಾರಿ’ಯಾಗಿ ಬಂದು ಆಟಿಕೆ ನೋಟು ಎಣಿಸಿಕೊಂಡು ಹಕ್ಕುಪತ್ರ ಬರೆದುಕೊಡುತ್ತಾನೆ. ಮುಂದಿನ ವರ್ಷ ಅದು ನಿಜವಾಗಲಿ ಎಂಬ ಹರಕೆ. ಲೌರಾಮಾರ್ಕಾದ ಕಥೆ ಓದಿದ ಮೇಲೆ, ಆ ಹಕ್ಕುಪತ್ರದ ಆಟದ ಬಗ್ಗೆ ನನಗಿದ್ದ ಗೌರವ ಇನ್ನೂ ಹೆಚ್ಚಾಗಿದೆ.

ಉಕುಕುಗಳೆಂಬ ಕರಡಿ ವೇಷದವರು ರಾತ್ರಿ ಕೊಲ್ಕೆಪುಂಕು ಹಿಮನದಿಗೆ ಹತ್ತುತ್ತಾರೆ. ಮೊದಲು ಅಲ್ಲಿಂದ ಮಂಜುಗಡ್ಡೆ ಕಡಿದು ಬೆನ್ನಮೇಲೆ ಹೊತ್ತು ತರುತ್ತಿದ್ದರು, ಆ ನೀರು ತೀರ್ಥ, ಔಷಧಿ. ಹಿಮ ಹಿಂದೆ ಸರಿಯುತ್ತಿರುವುದನ್ನು ಕಂಡು ಈ ಶತಮಾನದ ಆರಂಭದಲ್ಲಿ ಅವರೇ ಅದನ್ನು ನಿಲ್ಲಿಸಿದರು. ಸರ್ಕಾರ ಹೇಳಿದ್ದಲ್ಲ, ಯಾತ್ರಿಕರೇ ಕಟ್ಟಿಕೊಂಡ ಕಟ್ಟಳೆ.

ಮಳೆಲೆಕ್ಕ

ಈ ಜಾತ್ರೆಯ ಕಾಲಕ್ಕೂ ಆಕಾಶಕ್ಕೂ ಸಂಬಂಧವಿದೆ. ಏಪ್ರಿಲ್‌ನಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗುವ ಕೃತ್ತಿಕಾ ನಕ್ಷತ್ರಪುಂಜ ಜೂನ್‌ನಲ್ಲಿ ಬೆಳಗಿನ ಜಾವ ಮತ್ತೆ ಕಾಣಿಸುತ್ತದೆ. ಆಂಡಿಸ್‌ನ ರೈತರು ಜೂನ್ ಕೊನೆಗೆ ಅದನ್ನು ನೋಡಿ ಆ ವರ್ಷದ ಮಳೆಯನ್ನು ಅಂದಾಜು ಮಾಡುತ್ತಾರೆ. ಮಂಕಾಗಿ ಕಂಡರೆ ಮಳೆ ತಡ, ಆಲೂಗಡ್ಡೆ ಬಿತ್ತನೆಯನ್ನು ಮುಂದೂಡುತ್ತಾರೆ. 2000ದಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಇದನ್ನು ಪರೀಕ್ಷಿಸಿತು. ಎಲ್ ನಿನೊ ವರ್ಷಗಳಲ್ಲಿ ಅತಿ ಎತ್ತರದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಮೋಡದ ಪರದೆ ಹೆಚ್ಚಿರುತ್ತದೆ, ನಕ್ಷತ್ರ ಮಂಕಾಗುವುದು ಅದರಿಂದ. ಆ ವರ್ಷಗಳಲ್ಲಿ ಅಲ್ಲಿ ಮಳೆಯೂ ಕಡಿಮೆ. ರೈತರ ಅಂದಾಜು ಸರಿ.

ಹಳೆಗನ್ನಡ ಪ್ರೇಮಿ

ನಮ್ಮ ಕೃತ್ತಿಕಾ ಮಳೆಯೂ ಅದೇ ನಕ್ಷತ್ರದ್ದು! ಈಗಲಾದರೂ ನಂಟು ಒಪ್ಪಿಕೊಳ್ಳಿ.

ಮಳೆಲೆಕ್ಕ

ನಕ್ಷತ್ರ ಅದೇ, ಲೆಕ್ಕ ಬೇರೆ. ನಮ್ಮಲ್ಲಿ ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದಲ್ಲಿ ಇರುವ ಸುಮಾರು ಹದಿನಾಲ್ಕು ದಿನ. ಆಗ ಕೃತ್ತಿಕೆ ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮವರು ಪಂಚಾಂಗ ನೋಡುತ್ತಾರೆ, ಅವರು ಪುಂಜ ಮತ್ತೆ ಮೂಡುವುದನ್ನು ಕಾದು ಅದರ ಹೊಳಪನ್ನು ನೋಡುತ್ತಾರೆ. ಒಂದೇ ಆಕಾಶದ ಕೆಳಗೆ ಇಬ್ಬರು ರೈತರು ತಮ್ಮ ತಮ್ಮ ದಾರಿಯಲ್ಲಿ ಲೆಕ್ಕ ಕಂಡುಕೊಂಡರು ಎನ್ನುವುದೇ ನನಗೆ ಹೆಚ್ಚು ಸಂತೋಷದ ಸಂಗತಿ.

ಚಾರಣಿಗ

ಹಿಮದ ವಿಷಯಕ್ಕೆ ಬಂದರೆ, ಪೆರುವಿನ ಹಿಮನದಿಗಳ ವಿಸ್ತಾರ ಕಳೆದ ಆರು ದಶಕಗಳಲ್ಲಿ ಅರ್ಧಕ್ಕೂ ಹೆಚ್ಚು ಕರಗಿದೆ. ಔಸಂಗಾತೆಯನ್ನು ಮೊದಲು ಏರಿದ್ದು 1953ರಲ್ಲಿ, ಆ ತಂಡದಲ್ಲಿ ಹೈನ್ರಿಕ್ ಹಾರರ್ ಇದ್ದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಡೆಹ್ರಾಡೂನಿನಲ್ಲಿ ಬಂಧಿಸಿಟ್ಟಾಗ ತಪ್ಪಿಸಿಕೊಂಡು ಟಿಬೆಟ್‌ಗೆ ಹೋದವನು ಇವನೇ. ಅವನು ಕಂಡ ಹಿಮವನ್ನು ಈಗ ಹೋದವರು ಕಾಣುವುದಿಲ್ಲ.

ಕುರಿಗಾಹಿಗಳಿಗೆ ಇದು ನೋಟದ ಪ್ರಶ್ನೆಯಲ್ಲ. ಅಲ್ಪಾಕಾ ಮೇಯುವುದು ಹಿಮನೀರು ಒಸರುವ ಜೌಗು ಹುಲ್ಲುಗಾವಲಿನಲ್ಲಿ. ಒಣ ತಿಂಗಳುಗಳಲ್ಲಿ ಹಸಿರಾಗಿರುವುದು ಅದೊಂದೇ. ಒಸರು ಬತ್ತಿದರೆ ಮಂದೆ ಹೆಚ್ಚು ಎತ್ತರಕ್ಕೆ ಹೋಗಬೇಕು, ಇಲ್ಲವೇ ಪಕ್ಕದವರ ಗಡಿ ದಾಟಬೇಕು. ಜಗಳ ಅಲ್ಲಿ ಹುಟ್ಟುತ್ತದೆ.

ಓದುಗಿತ್ತಿ

ಬೆಟ್ಟದ ಪೂಜೆ ಮತ್ತು ರಾಜಕೀಯ ಒಂದಾದ ದಿನವನ್ನೂ ದಾಖಲಿಸಬೇಕು. ಸಿನಾಕಾರಾದಲ್ಲಿ ಗಣಿಗಾರಿಕೆಯ ಯೋಜನೆ ಬಂದಾಗ 2006ರ ಡಿಸೆಂಬರ್‌ನಲ್ಲಿ ಈ ಭಾಗದ ಜನ ಕುಸ್ಕೊ ನಗರದ ಚೌಕಕ್ಕೆ ಬಂದು ಪ್ರತಿಭಟಿಸಿದರು. ಅವರಲ್ಲಿ ಮಾರಿಯಾನೊ ತುರ್ಪೊನ ಮಗ ನಸಾರಿಯೊ ಕೂಡ ಇದ್ದ. ಔಸಂಗಾತೆ ಸಿಟ್ಟಾದರೆ ಜನ ಸಾಯುತ್ತಾರೆ ಎಂಬುದು ಅವನ ಆತಂಕ. ಅದೇ ಮೆರವಣಿಗೆಯಲ್ಲಿ ಹುಲ್ಲುಗಾವಲಿನ ಚಿಂತೆಯವರೂ ಜಾತ್ರೆಯ ಚಿಂತೆಯವರೂ ಇದ್ದರು. ಆ ಸುತ್ತಿನಲ್ಲಿ ಗಣಿ ನಿಂತಿತು. ನಸಾರಿಯೊ ಪೂಜಾರಿಯಾಗಿ ಹೆಸರಾದವನು. 2004ರಲ್ಲಿ ವಾಷಿಂಗ್ಟನ್‌ನಲ್ಲಿ ತೆರೆದ ಅಮೆರಿಕದ ಮೂಲನಿವಾಸಿಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕ್ವೆಚುವಾ ವಿಭಾಗ ರೂಪಿಸಲು ಅವನನ್ನು ಕರೆಸಿಕೊಂಡಿದ್ದರು. 2007ರಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ.

ಶಿರಸಿಯವನು

ಇದನ್ನು ಓದಿ ಮನಸ್ಸು ಭಾರವಾಯಿತು. ಆದರೂ ರಸ್ತೆಯ ಬಗ್ಗೆ ನನ್ನ ಮಾತು ಅದೇ.

ಹಾಸನದ ಗದ್ದೆ

ತಡವಾಗಿ ಬಂದೆ, ಆಲೂಗಡ್ಡೆ ಎಂದ ಕೂಡಲೇ ಓದದೆ ಇರಲಾಗಲಿಲ್ಲ. ನಮ್ಮ ಕಡೆ ಪ್ರತಿ ವರ್ಷ ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯನ್ನೇ ಕಾಯುತ್ತೇವೆ. ಹೆಚ್ಚಿನ ಹೊಲದಲ್ಲಿ ಕುಫ್ರಿ ಜ್ಯೋತಿ ಒಂದೇ ತಳಿ. ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ ಬಂದು ಕೆಲವೇ ದಿನದಲ್ಲಿ ಹೊಲ ಕಪ್ಪಾಗುತ್ತದೆ. ಅಲ್ಲಿ ಒಬ್ಬ ರೈತ ಒಂದೇ ಹೊಲದಲ್ಲಿ ಹತ್ತಾರು ತಳಿ ಬೆಳೆಯುತ್ತಾನಂತೆ, ನಿಜವೇ? ಅಕ್ಷಾಂಶ ಒಂದೇ ಎಂದಿರಿ. ಹಾಗಾದರೆ ಅಲ್ಲಿನ ಬೀಜ ಇಲ್ಲಿ ಬರುವುದಿಲ್ಲವೇ?

ಮಳೆಲೆಕ್ಕ

ಹತ್ತಾರು ತಳಿ ನಿಜ ಅಣ್ಣ. ಚಳಿ ಬಿದ್ದರೆ ಒಂದು ಉಳಿಯುತ್ತದೆ, ರೋಗ ಬಂದರೆ ಇನ್ನೊಂದು, ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಹೊಲವನ್ನೂ ಪ್ರತಿ ವರ್ಷ ಬದಲಿಸುತ್ತಾರೆ. ಒಮ್ಮೆ ಬೆಳೆದ ನೆಲವನ್ನು ಕೆಲವು ವರ್ಷ ಬೀಳುಬಿಟ್ಟು ದನಕುರಿ ಮೇಯಿಸುತ್ತಾರೆ, ಗಡ್ಡೆಗೆ ಹುಳುವಿನ ಕಾಟ ಅದರಿಂದ ತಗ್ಗುತ್ತದೆ. ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸಾವಿರಾರು ಆಂಡಿಸ್ ತಳಿಗಳನ್ನು ಕಾಪಾಡಿಕೊಂಡಿದೆ.

ಇನ್ನು ಇಲ್ಲಿ ಬೆಳೆಯುವ ಮಾತು. ಹಗಲಿನ ಉದ್ದದ ಲೆಕ್ಕದಲ್ಲಿ ಆ ತಳಿಗಳಿಗೆ ನಮ್ಮ ನೆಲ ಪರಕೀಯವಲ್ಲ. ಹನ್ನೆರಡು ಗಂಟೆ ಆಸುಪಾಸಿನ ಹಗಲಿನಲ್ಲಿ ಗಡ್ಡೆ ಕಟ್ಟುವ ಜಾತಿ ಅವು, ಯುರೋಪಿನ ಉದ್ದ ಹಗಲಿಗೆ ಹೊಂದಿಕೊಳ್ಳಲು ಅವಕ್ಕೆ ಬಹಳ ಕಾಲ ಹಿಡಿದದ್ದು ಅದಕ್ಕೇ. ಕೆಡಿಸುವುದು ರಾತ್ರಿಯ ಸೆಕೆ. ರಾತ್ರಿ ತಂಪಿಲ್ಲದಿದ್ದರೆ ಗಿಡ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ, ಗಡ್ಡೆ ಕಟ್ಟುವುದಿಲ್ಲ. ಹಾಸನ ಸಾವಿರ ಮೀಟರಿಗಿಂತ ಸ್ವಲ್ಪ ಕೆಳಗಿದೆ, ಅವರ ಹೊಲ ನಾಲ್ಕು ಸಾವಿರದಲ್ಲಿದೆ. ಅತಿ ಎತ್ತರದ ಕಹಿ ತಳಿಗಳನ್ನಂತೂ ಹಾಗೆಯೇ ಬೇಯಿಸಿ ತಿನ್ನಲಾಗದು, ಅದರಲ್ಲಿ ವಿಷದ ಅಂಶವಿರುತ್ತದೆ. ಚುನ್ಯೊ ಮಾಡಿದರೆ ಮಾತ್ರ ತಿನ್ನಬಹುದು.

ಹಾಸನದ ಗದ್ದೆ

ಹಾಗಾದರೆ ಚಾರಣಕ್ಕೆ ಹೋದವರ ಕೈಯಲ್ಲಿ ನಾಲ್ಕು ಗಡ್ಡೆ ತರಿಸಿ ನೋಡುವುದೂ ಬೇಡವೇ?

ಚಾರಣಿಗ

ದಯವಿಟ್ಟು ಬೇಡ ಅಣ್ಣ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ, ಮೇಲಾಗಿ ಅಲ್ಲಿನ ರೋಗವೂ ಗಡ್ಡೆಯ ಜೊತೆ ಬರುತ್ತದೆ. ಸಂಶೋಧನೆಗೆ ತಳಿ ತರಿಸಬೇಕಾದರೆ ದಿಲ್ಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಮೂಲಕ ತಪಾಸಣೆ ಮುಗಿಸಿ ತರಿಸುತ್ತಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಗೆ ಅಂಗಮಾರಿ ತಡೆಯುವ ತಳಿ ಕೇಳಿ ನೀವೂ ನಿಮ್ಮ ಊರಿನ ಬೆಳೆಗಾರರೂ ಸೇರಿ ಪತ್ರ ಬರೆಯಿರಿ. ಒಬ್ಬರ ಪತ್ರಕ್ಕಿಂತ ಹತ್ತು ಜನರ ಸಹಿಗೆ ತೂಕ ಹೆಚ್ಚು.

ಹಾಸನದ ಗದ್ದೆ

ಸಹಿ ಹಾಕಿಸುವುದು ನನ್ನ ಜವಾಬ್ದಾರಿ. ಪತ್ರದ ಒಕ್ಕಣೆ ಓದುಗಿತ್ತಿ ಅಕ್ಕ ನೋಡಿಕೊಡುತ್ತೀರಾ?

ಓದುಗಿತ್ತಿ

ಕಳಿಸಿ, ನೋಡಿಕೊಡುತ್ತೇನೆ. ನಕಲು ಪ್ರತಿ ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ.